ಆಪರೇಷನ್ ದಿನ ಬಂದ ಕರೆಂಟು

ರಾಮನಗರದ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ಮಲಗಿದ್ದ ನಮ್ಮತ್ತೆಯ ಪಕ್ಕದ ಹಾಸಿಗೆಯಲ್ಲಿದ್ದ ಜಯಮ್ಮನವರನ್ನು ಆಪರೇಷನ್‌ಗೆ ಕರೆದೊಯ್ಯಲು ಸ್ಟ್ರೆಚರ್ ಬಂದು ನಿಂತಿತ್ತು. ಅಷ್ಟರಲ್ಲಿ ಅವರ ಗಂಡ ಶಿವಲಿಂಗಯ್ಯನವರ ಜೇಬಿನಲ್ಲಿ ಫೋನು ಸದ್ದು ಮಾಡಿತು. ತೆಗೆದು ನೋಡಿ, "ತ್ರೀ ಫೇಸ್ ಬಂತು" ಎಂದರು.

ಜಯಮ್ಮನವರ ಮುಖ ಇಳಿದುಹೋಯಿತು. ವಿರೂಪಾಕ್ಷಿಪುರದ ಕಡೆ ಅವರದು ಹಿಪ್ಪುನೇರಳೆ ತೋಟ. ನೀರಿನ ಪಂಪಿಗೆ ಬೇಕಾದ ಆ ತ್ರೀ ಫೇಸ್ ಕರೆಂಟು ಯಾವಾಗ ಬಂದರೂ ಮೋಟಾರ್ ಹಾಕಲು ಗಂಡ ಓಡಬೇಕಿತ್ತು.

"ನೀವ್ ಹೋಗಿ. ಸೊಪ್ಪು ಒಣಗಿದ್ರೆ ಹುಳಕ್ಕೆ ಏನ್ ಹಾಕದು? ಇಲ್ಲಿ ಡಾಕ್ಟ್ರು ಅವ್ರಲ್ಲ" ಎಂದು ಆಕೆ ಕಣ್ಣು ಮುಚ್ಚಿಕೊಂಡರು.

ಶಿವಲಿಂಗಯ್ಯ ಕದಲಲಿಲ್ಲ. ಫೋನಿನಲ್ಲಿ ಏನನ್ನೋ ಒತ್ತಿ, ಹೆಂಡತಿಯ ಕಿವಿಯ ಹತ್ತಿರ ಹಿಡಿದರು. "ಮೋಟಾರ್ ಆನ್ ಆಗಿದೆ" ಎಂದು ಹೆಣ್ಣುದನಿಯೊಂದು ಹೇಳಿದ್ದು ನನಗೂ ಕೇಳಿಸಿತು.

"ಆಪರೇಷನ್ ದಿನ ಗೊತ್ತಾದ ಮ್ಯಾಲೆ ಮೋಟ್ರಿಗೆ ಫೋನಿಂದ್ಲೇ ಆನ್ ಮಾಡೋ ಪೆಟ್ಗೆ ಹಾಕಿಸ್ದೆ ಕಣಮ್ಮಿ. ನಾನ್ ಎಲ್ಗೂ ಹೋಗಕ್ಕಿಲ್ಲ" ಎಂದರು. ಥಿಯೇಟರಿನ ಬಾಗಿಲವರೆಗೂ ಸ್ಟ್ರೆಚರ್ ಹಿಡಿದುಕೊಂಡೇ ನಡೆದರು.

ಮೂರನೆಯ ದಿನ ಜಯಮ್ಮನವರು ಎದ್ದು ಕೂತು ಗಂಜಿ ಕುಡಿಯುತ್ತಾ ನನಗೆ ಹೇಳಿದರು: "ನನ್ ಮಗಳು ಹುಟ್ಟೋ ಹೊತ್ನಾಗೆ ಕರೆಂಟ್ ಬಂತು ಅಂತ ಎದ್ದೋಗಿದ್ರು. ಮಗಿನ ಮುಖ ನೋಡಿದ್ದು ಮಾರನೇ ದಿನ. ಈ ಸಲ ನಾನ್ ಕಣ್ ಬುಟ್ಟಾಗ ಎದುರ್ಗೇ ಕುಂತಿದ್ರು."

ಮಾಗಡಿಯ ನಮ್ಮ ಹೊಲದ ಮೋಟಾರಿಗೂ ಈಗ ಅಂಥದೇ ಪೆಟ್ಟಿಗೆ ಹಾಕಿಸಿದ್ದೇವೆ. ಅತ್ತೆಯ ಹೊಲಿಗೆ ಬಿಚ್ಚಿಸಲು ಹೋದ ದಿನ, ನಾವು ಕರೆಯದಿದ್ದರೂ ನಮ್ಮ ಮಾವ ಬಿಳಿ ಪಂಚೆ ಉಟ್ಟು ಹೊರಟು ನಿಂತಿದ್ದರು. ಸಂಜೆಯವರೆಗೂ ಅತ್ತೆಯ ಪಕ್ಕದಲ್ಲೇ ಕೂತಿದ್ದರು, ಕರೆಂಟಿನ ಅವಸರವೇ ಇಲ್ಲದೆ.