ಸಿಡುಬಿನ ಮನೆಗೆ ಹೋದ ಕಸ್ತೂರೆವ್ವ

ಕಸ್ತೂರೆವ್ವನಿಗೆ ಚಿಕ್ಕಂದಿನಲ್ಲೇ ಸಿಡುಬು ಬಂದು ಮುಖದ ತುಂಬ ಕಲೆಗಳಿದ್ದವು. ನೋಡಲು ಬಂದ ಗಂಡುಗಳೆಲ್ಲ ಬೇಡವೆಂದು ಹೋದ ಮೇಲೆ ಅವಳು ನರ್ಸಿಂಗ್ ಕಲಿತು, ಹೊರ್ತಿ ಎಂಬ ಊರಿನಲ್ಲಿ ಕೆಲಸಕ್ಕೆ ನಿಂತಳು.

೧೯೭೧ರ ಬೇಸಿಗೆಯಲ್ಲಿ ಕುರಿ ಕಾಯುವ ರಾಮವ್ವನ ಮಗಳಿಗೆ ಸಿಡುಬು ಎದ್ದಿತು. ಊರಿನವರು ಆ ಮನೆಯ ಕಡೆ ಸುಳಿಯಲಿಲ್ಲ. ಕಸ್ತೂರೆವ್ವ ಅಲ್ಲಿಗೆ ಹೊರಟಾಗ ಊರಿನ ಮುಖಂಡ ಶ್ರೀಶೈಲಪ್ಪಗೌಡರು ಬಾಗಿಲ ಮುಂದೆ ಅಡ್ಡ ನಿಂತರು.

“ಒಳಗ ಹೋಗಬ್ಯಾಡವ್ವಾ. ನಿನಗೂ ಹತ್ತತೈತಿ, ಊರಿಗೂ ತರ್ತಿ.”

“ನನಗ ಹತ್ತೂದಿಲ್ರಿ, ಗೌಡ್ರ. ಈ ವೈರಾಣು ತಾನಾಗೇ ಬೆಳೆಯಾಂಗಿಲ್ಲ. ನಮ್ಮ ಮೈಯಾಗಿನ ಜೀವಕೋಶದಾಗ ಹೊಕ್ಕು, ಅದರ ಕಡಿಂದನ ತನ್ನಂಥಾವು ಸಾವಿರಾರು ಮಾಡಿಸ್ಕೊಂಡು, ಅದನ್ನ ಒಡಕೊಂಡು ಹೊರಗ ಬರತೈತಿ. ನನ್ನ ಮೈ ಅದನ್ನ ಒಮ್ಮೆ ಸೋಲಿಸೇತಿ, ಮತ್ತ ಬಂದ್ರ ಗುರುತು ಹಿಡೀತೈತಿ. ಲಸಿಕಿ ಸೂಜಿ ಚುಚ್ಚಿಸ್ಕೊಂಡ್ರ ನಿಮ್ಮ ಮೈನೂ ಅದನ್ನ ಕಲೀತೈತಿ. ನನ್ನ ಸೀರಿ ಕುದಿಸದ ಊರಾಗ ಕಾಲಿಡೂದಿಲ್ಲ. ದಾರಿ ಬಿಡ್ರಿ.”

ಗೌಡರು ಬಿಡಲಿಲ್ಲ. ಅವಳೇ ಅವರ ಪಕ್ಕದಿಂದ ಸರಿದು ಒಳಗೆ ನಡೆದಳು. ಹುಡುಗಿಗೆ ಗಂಜಿ ಕುಡಿಸುತ್ತ, ಜ್ವರ ಇಳಿದು ಹಕ್ಕಳೆ ಉದುರುವವರೆಗೂ ಅಲ್ಲೇ ಉಳಿದಳು. ಆಮೇಲೆ ಸೀರೆ ಕುದಿಸಿ, ಲಸಿಕೆಯ ಸೂಜಿ ಹಿಡಿದು ಬೀದಿಗೆ ಬಂದಳು. ಹೆಂಗಸರು ಮಕ್ಕಳನ್ನೆತ್ತಿಕೊಂಡು ಮುಂದೆ ಬಂದರು. ಸಿಡುಬು ಆ ಮನೆ ದಾಟಲಿಲ್ಲ.

ತಮ್ಮ ಮಾತು ಮೀರಿದಳೆಂದು ಗೌಡರು ಮಾತ್ರ ಅವಳೊಂದಿಗೆ ಮಾತು ಬಿಟ್ಟರು. ಕಸ್ತೂರೆವ್ವ ಅದಕ್ಕೆ ಒಂದು ದಿನವೂ ಬೇಸರಪಡಲಿಲ್ಲ.