ಮೂರೇ ಓವರಿನ ಹೊಳಪು

ಮುಂಬಯಿಯಲ್ಲಿ ಅದು ನನ್ನ ಮೊದಲ ಪಂದ್ಯ. ಹೊಸ ಚೆಂಡಿನಲ್ಲಿ ಮೂರು ಓವರ್ ಎಸೆದು, ಚೆಂಡನ್ನು ಪ್ಯಾಂಟಿಗೆ ಉಜ್ಜಿ ಹೊಳಪು ಉಳಿಸಿಕೊಳ್ಳುತ್ತಿದ್ದೆ. ನಾಯಕರು ಬಂದವರೇ ಅದನ್ನು ಕಸಿದುಕೊಂಡು, ಮಂಡಿಯೂರಿ ಕುಳಿತು, ಪಾತ್ರೆ ತಿಕ್ಕುವ ಹಾಗೆ ಮಣ್ಣಿಗೆ ಹಾಕಿ ತಿಕ್ಕತೊಡಗಿದರು. "ಅಯ್ಯೋ, ಚೆಂಡು ಹಾಳಾಗತೈತ್ರಿ!" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ. ಅವರು ನಕ್ಕರು. "ಏ ಧಾರವಾಡ್, ತೇರಾ ಕಾಮ್ ಹೋ ಗಯಾ." ನಿನ್ನ ಕೆಲಸ ಮುಗಿಯಿತು ಎಂದು ಹೇಳಿ ಚೆಂಡನ್ನು ಸ್ಪಿನ್ನರ್ ಕೈಗೆ ಎಸೆದರು.

ಹೊಳಪಿದ್ದರೆ ಚೆಂಡು ಸ್ಪಿನ್ನರನ ಬೆರಳಿನಿಂದ ಜಾರುತ್ತದೆ. ಆ ಕಾಲದಲ್ಲಿ ದೇಶದ ಕ್ರಿಕೆಟ್ಟಿನಲ್ಲಿ ಸ್ಪಿನ್ನರುಗಳದೇ ದರ್ಬಾರು. ವೇಗದ ಬೌಲರ್ ಎಂದರೆ ಹೊಳಪು ಕಳೆಯುವ ಆಳು, ಅಷ್ಟೆ. ಧಾರವಾಡದ ಕಾಲೇಜು ಮೈದಾನದಲ್ಲಿ ನಾರಿನ ಮ್ಯಾಟ್ ಹಾಸಿ ಆಡುತ್ತಿದ್ದಾಗ ನನ್ನ ಕೈಗೆ ಬಂದ ಚೆಂಡು ಊಟದ ಹೊತ್ತಿನವರೆಗೆ ನನ್ನದೇ. ಮೊದಲ ಎರಡು ಓವರಿನಲ್ಲಿ ಮೈ ಸಡಿಲಾಗುತ್ತಿತ್ತು, ಆಮೇಲೆ ವೇಗ. ಇಲ್ಲಿ ಮೈ ಸಡಿಲಾಗುವಷ್ಟರಲ್ಲಿ ನನ್ನ ಆಟವೇ ಮುಗಿದಿರುತ್ತಿತ್ತು. ಇಂಡಿಯಾ ತಂಡಕ್ಕೆ ಆಡಬೇಕೆಂಬ ಒಂದೇ ಹಟದಿಂದ ಊರು ಬಿಟ್ಟು ಬಂದವನು ನಾನು. ಮೂರು ಓವರಿನಲ್ಲಿ ಆಯ್ಕೆಗಾರರ ಕಣ್ಣಿಗೆ ಬೀಳುವುದು ಹೇಗೆ?

ಬಾಂದ್ರಾದ ಒಂದು ಕಂಪನಿ ತನ್ನ ತಂಡಕ್ಕೆ ಆಡಲೆಂದೇ ನನಗೆ ಗುಮಾಸ್ತನ ಕೆಲಸ ಕೊಟ್ಟಿತ್ತು. ಮನೆ ಆಂಟಾಪ್ ಹಿಲ್‌ನಲ್ಲಿ, ಬಿಜಾಪುರದ ಒಂದು ಸಂಸಾರದ ಜೊತೆ. ಆ ಮನೆಯ ಗಂಗಕ್ಕ ನನ್ನನ್ನು ತಮ್ಮಾ ಎನ್ನುತ್ತಿದ್ದರು. ನಮ್ಮ ಕಡೆ ಅಂಗಳದಲ್ಲಿ ಕೂತು ರೊಟ್ಟಿ ಬಡಿದರೆ ಓಣಿಗೇ ಕೇಳಿಸಿದರೂ ಯಾರೂ ಏನೂ ಅನ್ನುವುದಿಲ್ಲ. ಇಲ್ಲಿ ಕೆಳಗಿನ ಮನೆಯವರು ಕೋಲಿನಿಂದ ಛಾವಣಿ ಕುಟ್ಟುತ್ತಿದ್ದರು. ಅಕ್ಕ ಗೋಣಿಚೀಲ ಹಾಸಿ, ಅದರ ಮೇಲೆ ಕೊಮಣಿಗೆ ಎಂಬ ಮರದ ಹರಿವಾಣ ಇಟ್ಟು ರೊಟ್ಟಿ ಬಡಿಯುವುದನ್ನು ಕಲಿತಿದ್ದರು. ನಾನೂ ಒಂದೊಂದೇ ಕಲಿತೆ. ಲೋಕಲ್ ರೈಲು ಹತ್ತುವುದನ್ನು, ತರಕಾರಿಯವಳ ಹತ್ತಿರ ಮರಾಠಿಯಲ್ಲಿ ಚೌಕಾಸಿ ಮಾಡುವುದನ್ನು. ಪಂದ್ಯವಿರುವ ಭಾನುವಾರ ಮಾತ್ರ ಸಂಕಟ. ಎದುರಿಗಿದ್ದ ಜೋಳದ ರೊಟ್ಟಿಯನ್ನು ಹಾಗೇ ಬಿಟ್ಟು ಏಳುತ್ತಿದ್ದೆ.

"ಅಲ್ಲೋ ತಮ್ಮಾ, ಮೂರು ಓವರಿಗೆ ಇಷ್ಟ್ಯಾಕ ಅಂಜತಿ?" ಎಂದು ಅಕ್ಕ ಕೇಳುತ್ತಿದ್ದರು.

"ಮೂರೇ ಅದಾವಲ್ಲಕ್ಕ, ಅದಕ್ಕ ಅಂಜಿಕಿ."

ಕಡೆಗೆ ಒಂದು ದಾರಿ ಹೊಳೆಯಿತು. ಪಂದ್ಯದ ದಿನ ಸ್ಟೇಷನ್ನಿನಿಂದ ಮೈದಾನಕ್ಕೆ ಓಡುತ್ತಲೇ ಹೋಗುವುದು, ಬೇಲಿಯಾಚೆ ಹಳೆಯ ಚೆಂಡನ್ನು ಗೋಡೆಗೆ ಎಸೆದೆಸೆದು ಬೆವರು ಹರಿಸುವುದು. "ಧಾರವಾಡ್ ಪಾಗಲ್ ಹೋ ಗಯಾ," ಇವನಿಗೆ ಹುಚ್ಚು ಹಿಡಿದಿದೆ ಎಂದು ತಂಡದವರು ನಗುತ್ತಿದ್ದರು. ಆದರೆ ಈಗ ನನ್ನ ಮೊದಲ ಚೆಂಡೇ ಬ್ಯಾಟ್ಸ್‌ಮನ್ನನ ಪಕ್ಕೆಲುಬಿಗೆ ಏಳುತ್ತಿತ್ತು. ಮೂರನೆಯ ವರ್ಷ ಮುಂಬಯಿ ತಂಡಕ್ಕೆ ಕರೆ ಬಂತು.

ಆಗಿನ್ನೂ ನಮ್ಮ ರಾಜ್ಯಕ್ಕೆ ಮೈಸೂರು ಎಂಬ ಹೆಸರೇ ಇತ್ತು. ಆ ಮೈಸೂರು ತಂಡ ಮುಂಬಯಿಯ ಮೇಲೆ ಆಡಲು ಇಲ್ಲಿಗೇ ಬಂತು. ಅವರ ಆರಂಭದ ಬ್ಯಾಟ್ಸ್‌ಮನ್ ಈರಣ್ಣ. ಧಾರವಾಡದಲ್ಲಿ ಒಂದೇ ತಾಟಿನಲ್ಲಿ ಉಂಡ ಗೆಳೆಯ. ಇಂಡಿಯಾ ತಂಡ ಆರಿಸುವವರು ಪೆವಿಲಿಯನ್ನಿನಲ್ಲಿ ಕೂತಿದ್ದರು. ಅವನೂ ಅವರಿಗಾಗಿಯೇ ಆಡಬೇಕು, ನಾನೂ. ಅವನು ನಿಂತರೆ ನಾನಿಲ್ಲ, ನಾನು ಗೆದ್ದರೆ ಅವನಿಲ್ಲ. ಗಂಗಕ್ಕನೂ ಪಂದ್ಯಕ್ಕೆ ಹೊರಟಿದ್ದರು. ಸೆರಗು ಸರಿಮಾಡಿಕೊಳ್ಳುತ್ತಾ ಕೇಳಿದರು: "ತಮ್ಮಾ, ಚಪ್ಪಾಳಿ ಯಾರ ಕಡೆ ಹೊಡೀಲೋ?" ನಾನು ಬೂಟಿನ ಲೇಸು ಕಟ್ಟುತ್ತಾ ಕೂತೆ.

ಈರಣ್ಣ ಕ್ರೀಸಿಗೆ ಬಂದವನೇ, "ಏನಲೇ, ಮೈ ಕಾಯಿಸಿಕೊಂಡಿ ಏನ?" ಎಂದ. ನನ್ನ ನಿಧಾನದ ಆರಂಭ ಅವನಿಗೆ ಚೆನ್ನಾಗಿ ಗೊತ್ತು. ಮೊದಲ ಓವರಿನಲ್ಲಿ ನಾನು ಸುಲಭದ ಚೆಂಡು ಹಾಕುತ್ತೇನೆಂದು ಊರಿನ ಲೆಕ್ಕದಲ್ಲೇ ಮುಂದಿನ ಕಾಲು ಚಾಚಿ ಹೊಡೆಯಲು ಬಂದ. ಮುಂಬಯಿ ಕಲಿಸಿದ ವೇಗದಲ್ಲಿ ಹೋದ ಚೆಂಡು ಬ್ಯಾಟು ಇಳಿಯುವ ಮೊದಲೇ ನಡುವಿನ ಸ್ಟಂಪನ್ನು ಕಿತ್ತು ಹಾಕಿತು. ತಂಡದವರು ನನ್ನನ್ನು ಎತ್ತಿ ಕುಣಿದರು. ಕನ್ನಡದವರು ಕೂತಿದ್ದ ಕಡೆಯಿಂದ ಒಂದು ಚಪ್ಪಾಳೆ ಎದ್ದು ಅರ್ಧಕ್ಕೇ ನಿಂತಿತು. ಅದು ಅಕ್ಕನದೇ ಎಂದು ನನಗೆ ಗೊತ್ತು. ಈರಣ್ಣ ನನ್ನ ಮುಖ ನೋಡದೆ ನಡೆದುಹೋದ. ನನಗೆ ಸಂತೋಷವಾಯಿತು, ಸಂಕಟವೂ ಆಯಿತು. ಎರಡೂ ನಿಜ.

ಇಂಡಿಯಾ ತಂಡದ ಹೆಸರುಗಳು ಹೊರಬಿದ್ದಾಗ ನನ್ನದಿತ್ತು, ಅವನದಿರಲಿಲ್ಲ. ಮೊದಲ ಟೆಸ್ಟ್ ಮುಂಬಯಿಯಲ್ಲೇ. ಅಲ್ಲಿಯೂ ಮೂರು ಓವರ್ ಎಸೆದೆ, ಒಂದು ವಿಕೆಟ್ ಬಿತ್ತು, ನಾಯಕರು ಚೆಂಡನ್ನು ಮಣ್ಣಿಗೆ ತಿಕ್ಕಿದರು. ಆಮೇಲೆ ದಿನವಿಡೀ ಬೌಂಡರಿಯಲ್ಲಿ ನಿಂತಿದ್ದೆ. ಆದರೂ ಇಂಡಿಯಾ ತಂಡದ ಟೋಪಿ ತಲೆಯ ಮೇಲಿತ್ತು.

ಮರುವಾರ ಅಂಚೆ ಕಚೇರಿಯಿಂದ ಊರಿಗೆ ಟ್ರಂಕ್ ಕಾಲ್ ಮಾಡಿದೆ. ಅಪ್ಪ ಕೂಗಿ ಕೂಗಿ ಮಾತಾಡಿದರು.

"ರೇಡಿಯೋದಾಗ ನಿನ್ನ ಹೆಸರು ಕೇಳಿದ್ವಿ. ಬಾಂಬೆ ಹುಡುಗ ಅಂದ್ರು. ಈರಣ್ಣ ಇಲ್ಲೇ ಕುಂತಿದ್ದ. ಎದ್ದು ನಿಂತು ರೇಡಿಯೋಕ್ಕ ಬೈದ ನೋಡು: ಬಾಂಬೆದವ ಅಲ್ಲಲೇ ಅವ, ನಮ್ಮವ!"

ರಿಸೀವರನ್ನು ಕಿವಿಗೆ ಒತ್ತಿ ಹಿಡಿದೆ. ಅಷ್ಟರಲ್ಲಿ ಹಿಂದೆ ಸರದಿಯಲ್ಲಿದ್ದ ಮರಾಠಿ ಮುದುಕರೊಬ್ಬರು ಗುರುತು ಹಿಡಿದು ಬೆನ್ನು ತಟ್ಟಿದರು. "ಆಪ್ಲಾ ಮುಂಬೈಚಾ ಪೋರ್ಗಾ, ನಾ?" ನಮ್ಮ ಮುಂಬಯಿಯ ಹುಡುಗ, ಅಲ್ಲವೇ?

"ಕೇಳಸ್ತೇನೋ? ನಮ್ಮವ ಅಂದ!" ಎಂದು ಅಪ್ಪ ಮತ್ತೆ ಕೂಗಿದರು.

ನಾನು ಹೂಂ ಎಂದೆ. ಇಬ್ಬರಲ್ಲಿ ಯಾರಿಗೆ ಹೇಳಿದೆನೋ ನನಗೇ ತಿಳಿಯಲಿಲ್ಲ.