ಮರದ ಮೇಲೆ ಕರಡಿ, ಕೆಳಗೆ ಬಂದೂಕು ಹಿಡಿದ ಮೈದುನ

ಎರಡು ವರ್ಷದ ಹಿಂದಿನ ಜೂನ್ ತಿಂಗಳು. ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನನ್ನದೊಂದು ಪುಟ್ಟ ಟೈಲರಿಂಗ್ ಅಂಗಡಿ ಇದೆ. ಮದುವೆ ಸೀಜನ್ನಿನ ಬ್ಲೌಸುಗಳನ್ನೆಲ್ಲ ಹೊಲಿದು ಕೊಟ್ಟು, ಹಲಸಿನ ಹಣ್ಣಿನ ಆಸೆಗೆ ನಾಲ್ಕು ದಿನ ಗಂಡನ ಊರಿಗೆ ಹೋಗಿದ್ದೆ. ಗುಬ್ಬಿ ತಾಲ್ಲೂಕಿನ ನಿಟ್ಟೂರಿನಿಂದ ಸ್ವಲ್ಪ ಒಳಗಿರುವ ಹಳ್ಳಿ ಅದು. ಅಲ್ಲಿ ನಮ್ಮತ್ತೆ ಮತ್ತು ಮೈದುನ ಲೋಕೇಶ ಇರುತ್ತಾರೆ.

ಹಣ್ಣೇನೋ ಬೇಕಾದಷ್ಟಿತ್ತು. ಆದರೆ ಮನೆಯಲ್ಲಿ ಮೊದಲಿನ ಗೆಲುವಿರಲಿಲ್ಲ. ಫೆಬ್ರವರಿಯಲ್ಲಿ ತೋಟಕ್ಕೆ ನೀರು ಹಾಯಿಸಲು ಹೋಗಿದ್ದ ಲೋಕೇಶನ ಮೇಲೆ ಕರಡಿ ಬಿದ್ದು, ಬಲಗಡೆಯ ಭುಜವನ್ನು ಬಗೆದು ಹಾಕಿತ್ತು. ಜೀವ ಉಳಿದದ್ದೇ ನಮ್ಮ ಪುಣ್ಯ. ಗಾಯ ಮಾಗಿದರೂ ಅವನ ಸಿಟ್ಟು ಇಳಿದಿರಲಿಲ್ಲ. ಮೊದಲು ಹಲಸಾಗಲಿ ತೆಂಗಾಗಲಿ, ಊರಿನಲ್ಲಿ ಯಾರ ಮರ ಹತ್ತಬೇಕಾದರೂ ಅವನನ್ನೇ ಕರೆಯುತ್ತಿದ್ದರು. ಆಮೇಲೆ ಒಂದು ಮರವನ್ನೂ ಅವನು ಹತ್ತಿರಲಿಲ್ಲ. "ಕರಡಿ ಕಂಡು ಪುಕ್ಲ ಆಗೋಗವ್ನೆ" ಎಂದು ಟೀ ಅಂಗಡಿಯಲ್ಲಿ ಆಡಿಕೊಳ್ಳುತ್ತಿದ್ದರಂತೆ.

ನಾನು ಹೋದ ಸಂಜೆ ಜಗಲಿಯ ಮೇಲೆ ಅದೇ ಮಾತು ಬಂತು.

"ಅದನ್ನ ಹೊಡೀದೆ ಬುಡಲ್ಲ ಅತ್ಗೆ. ಪಕ್ಕದ ತೋಟದ ರಂಗಪ್ಪಣ್ಣನ ಹತ್ರ ಬಂದೂಕ ಐತೆ. ಒಂದು ಬಿದ್ರೆ ಮಿಕ್ಕಿದ್ದೆಲ್ಲಾ ಈ ಕಡೆ ತಲೆ ಹಾಕಲ್ಲ" ಎಂದ ಲೋಕೇಶ.

ಅತ್ತೆ ತೊಳೆ ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ. "ನಿನ್ನ ಪರಚಿದ್ದು ಯಾವ್ದು ಅಂತ ಹೆಂಗ್ಲಾ ಕಂಡುಹಿಡೀತೀಯ? ಎಲ್ಲಾ ಕರ್ರಗೇ ಅವೆ. ಹೋದ ವರ್ಷ ಬೋನಿಟ್ಟು ಒಂದನ್ನ ಹಿಡ್ಕಂಡು ಹೋಗ್ಲಿಲ್ವಾ? ಈ ವರ್ಷ ಇನ್ನೊಂದು ಬಂತು. ಒಬ್ರು ಮನೆ ಖಾಲಿ ಮಾಡುದ್ರೆ ಇನ್ನೊಬ್ರು ಬಾಡಿಗೆಗೆ ಬರಾಕಿಲ್ವಾ, ಹಂಗೆ."

ನಾನು ಲೋಕೇಶನ ಕಡೆಗೇ ಇದ್ದೆ. ಮನುಷ್ಯರ ಮೈ ಹರಿಯುವ ಪ್ರಾಣಿಯ ಮೇಲೆ ಎಂಥ ಕನಿಕರ ಅನ್ನಿಸಿತ್ತು. ಹಾಗೇ ಅಂದೂ ಬಿಟ್ಟೆ. ಅತ್ತೆ ನನ್ನ ಕೈಗೆ ಒಂದು ತೊಳೆ ಕೊಟ್ಟು, "ತಿನ್ನವ್ವ, ಬಾಯಿಗೆ ಕೆಲ್ಸ ಇರ್ಲಿ" ಎಂದರು.

ಮಾರನೆಯ ದಿನ ಬೆಳಿಗ್ಗೆ ನಾನಿನ್ನೂ ಹಲ್ಲುಜ್ಜುತ್ತಿದ್ದೆ. ತೋಟದ ಕಡೆಯಿಂದ ಕೂಗು ಕೇಳಿತು. ಅತ್ತೆಯ ಹಿಂದೆಯೇ ಓಡಿದೆ. ಪಂಪ್‌ಹೌಸಿನ ಪಕ್ಕ ನಮ್ಮದೊಂದು ದೊಡ್ಡ ಹಲಸಿನ ಮರ ಇದೆ, ಕೆಂಪು ತೊಳೆಯದು. ಅದರ ಎತ್ತರದ ಕವಲಿನಲ್ಲಿ ಕರಡಿ ಕೂತಿತ್ತು. ಸುತ್ತ ಇಡೀ ಊರೇ ಸೇರಿತ್ತು. ಅರ್ಧ ಜನ ಮೊಬೈಲ್ ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದರು, ಇನ್ನರ್ಧ ಜನ ಕಲ್ಲು ಬೀರುತ್ತಿದ್ದರು. ಅರ್ಧ ತಿಂದ ಹಣ್ಣು ಕೆಳಗೆ ಬಿದ್ದು ಗಮ್ಮೆನ್ನುತ್ತಿತ್ತು. ಕರಡಿ ಇಳಿಯಲು ಒಂದು ಕಾಲು ಇಟ್ಟರೆ ಜನ ಹೋ ಎಂದು ಕೂಗುವುದು, ಅದು ಮತ್ತೆ ಮೇಲೆ ಹತ್ತುವುದು, ಇದೇ ನಡೆದಿತ್ತು. ಭಯಕ್ಕೋ ಖುಷಿಗೋ ಗೊತ್ತಿಲ್ಲ, ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಕರಡಿಯನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಅಷ್ಟರಲ್ಲಿ ರಂಗಪ್ಪ ಬಂದೂಕು ತಂದ. ಅವನ ಪಕ್ಕದಲ್ಲಿ ಲೋಕೇಶ. ಅತ್ತೆ ನನ್ನನ್ನು ಪಂಪ್‌ಹೌಸಿನ ಬಾಗಿಲಿಗೆ ಎಳೆದುಕೊಂಡು, "ಫಾರೆಸ್ಟ್‌ನೋರಿಗೆ ಫೋನ್ ಮಾಡು" ಎಂದರು. ಮಾಡಿದೆ. "ಹೊರಟಿದೀವಿ ಮೇಡಂ. ಮೊದ್ಲು ಜನನ ದೂರ ಕಳ್ಸಿ, ಜನ ಹೋದ್ರೆ ಅದೇ ಇಳ್ಕೊಂಡು ಹೋಗುತ್ತೆ" ಎಂದರು ಆ ಕಡೆಯವರು.

ಜನರನ್ನು ಕಳಿಸುವುದೆಂದರೆ ಸುಲಭವೇ? ನಾನು ಕೂಗಿದೆ, ಬೇಡಿಕೊಂಡೆ. ಯಾರೂ ತಿರುಗಿ ನೋಡಲಿಲ್ಲ. ರಂಗಪ್ಪ ಬಂದೂಕು ಎತ್ತಿ ಗುರಿ ಇಡುತ್ತಿದ್ದ. ಕೊಂಬೆಗಳ ಆಚೆ ಕಡೆಯೂ ಜನ, ಹೆಂಗಸರು, ಮಕ್ಕಳು. ಗುಂಡು ತಪ್ಪಿದರೆ ಗತಿಯೇನು? ಕರಡಿ ಅರೆಜೀವವಾಗಿ ಮೇಲೆ ಬಿದ್ದರೆ ಗತಿಯೇನು? ಹಿಂದಿನ ದಿನದ ನನ್ನ ಧೈರ್ಯವೆಲ್ಲ ಇಳಿದುಹೋಯಿತು. ಆಗ ಥಟ್ಟನೆ ಒಂದು ಮಾತು ನೆನಪಾಯಿತು. ರಂಗಪ್ಪನ ಬಂದೂಕಿನ ಲೈಸೆನ್ಸ್ ರಿನ್ಯೂವಲ್ ಆಗಿಲ್ಲವೆಂದು ಹಿಂದಿನ ಸಂಜೆ ಲೋಕೇಶನೇ ಹೇಳಿದ್ದ.

"ಜೀಪ್ ಬಂತು, ಪೊಲೀಸ್ನೋರೂ ಅವ್ರೆ" ಎಂದು ಗಂಟಲು ಹರಿಯುವ ಹಾಗೆ ಕಿರುಚಿದೆ.

ಅಬ್ಬಾ, ಆ ಓಟವನ್ನು ನೀವು ನೋಡಬೇಕಿತ್ತು. ಕಲ್ಲು ಬೀರುತ್ತಿದ್ದವರೇ ಮೊದಲು ಓಟ ಕಿತ್ತರು. ಬೇಲಿ ಹಾರಿದವರೆಷ್ಟು, ಚಪ್ಪಲಿ ಬಿಟ್ಟವರೆಷ್ಟು. ತೋಟ ಖಾಲಿ. ನನಗೆ ಒಳಗೊಳಗೇ ಹೆಮ್ಮೆ, ಎಂಥ ಉಪಾಯ ಮಾಡಿದೆ ಎಂದು. ಆಮೇಲೆ ಮರದ ಕಡೆ ತಿರುಗಿ ನೋಡಿದೆ. ಓಡುವ ಆತುರದಲ್ಲಿ ರಂಗಪ್ಪ ಬಂದೂಕನ್ನು ಲೋಕೇಶನ ಕೈಗೆ ತುರುಕಿ ಹೋಗಿದ್ದ. ಲೋಕೇಶ ಒಬ್ಬನೇ ಮರದ ಬುಡದಲ್ಲಿ ನಿಂತಿದ್ದ. ಗಲಾಟೆ ನಿಂತದ್ದೇ ತಡ, ಕರಡಿ ಹಿಂದುಮುಂದಾಗಿ ಇಳಿಯತೊಡಗಿತ್ತು.

"ಲೋಕಿ, ಬಾರೋ" ಎಂದೆ. ಅವನು ಅಲುಗಲಿಲ್ಲ. ಬಂದೂಕನ್ನು ಎತ್ತಿದ. ಎದೆಯವರೆಗೆ ಬಂತು, ಅಲ್ಲೇ ನಿಂತಿತು. ಮತ್ತೆ ಎತ್ತಿದ. ಮತ್ತೆ ಎದೆಯವರೆಗೇ. ಮುಖವೆಲ್ಲ ಬೆವೆತುಹೋಗಿತ್ತು. ಮೇಲಿಂದ ತೊಗಟೆಯ ಚೂರುಗಳು ಅವನ ತಲೆಯ ಮೇಲೆ ಉದುರುತ್ತಿದ್ದವು. ಕರಡಿ ಇನ್ನು ಎರಡಾಳೆತ್ತರದಲ್ಲಿತ್ತು.

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸರಸರನೆ ನಡೆದುಹೋದರು. ಓಡಲಿಲ್ಲ, ಕೂಗಲಿಲ್ಲ. ಮಗನ ಅಂಗಿಯ ಕಾಲರು ಹಿಡಿದು, ಸಂತೆಯಲ್ಲಿ ಹಟ ಮಾಡುವ ಮಗುವನ್ನು ಎಳೆದು ತರುವ ಹಾಗೆ ಎಳೆದು ತಂದರು. ಬಂದೂಕು ದಾರಿಯಲ್ಲೇ ಬಿತ್ತು. ಮೂವರೂ ಪಂಪ್‌ಹೌಸಿನೊಳಗೆ ನುಗ್ಗಿ, ತಗಡಿನ ಬಾಗಿಲು ಹಾಕಿ, ಬೆನ್ನು ಕೊಟ್ಟು ಕೂತೆವು.

ಧೊಪ್ಪೆಂದು ಸದ್ದಾಯಿತು. ಇಳಿದಿದೆ ಎಂದುಕೊಂಡೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನನ್ನ ಬೆನ್ನಿನ ಹಿಂದೆಯೇ, ತಗಡಿನ ಆಚೆ, ಬುಸ್ಸೆಂದು ಉಸಿರು. ಉಗುರು ತಗಡನ್ನು ಒಮ್ಮೆ ಕೆರೆಯಿತು. ನನಗೆ ಗೊತ್ತಿದ್ದ ದೇವರ ಹೆಸರುಗಳೆಲ್ಲ ಅವತ್ತು ಖರ್ಚಾದವು. ಕೊನೆಗೆ ಒಣಗಿದ ಎಲೆಗಳ ಮೇಲೆ ಹೆಜ್ಜೆ ಸದ್ದು ದೂರವಾಗುತ್ತಾ ಬೆಟ್ಟದ ಕಡೆ ಹೋಯಿತು.

ಯಾರೂ ಏಳಲಿಲ್ಲ. ಲೋಕೇಶ ಗೋಡೆ ನೋಡುತ್ತಾ ಹೇಳಿದ, "ಕೈ ಮ್ಯಾಕೆ ಏಳ್ಲಿಲ್ಲ ಅತ್ಗೆ. ಅವತ್ನಿಂದ್ಲೂ ಎದ್ದಿಲ್ಲ. ತಲೆ ಬಾಚ್ಕೊಳಾಕೂ ಎಡಗೈನೇ."

"ಯಾಕ್ಲಾ ಹೇಳ್ಲಿಲ್ಲ?" ಅತ್ತೆ ಅವನ ಕಡೆ ತಿರುಗಿದರು.

"ಪುಕ್ಲ ಅಂದ್ರೆ ಅನ್ಲಿ, ಕೈಲಾಗ್ದೋನು ಅನ್ನೋದು ಬ್ಯಾಡ ಅಂತ."

ಮೂವತ್ತು ದಾಟಿದ ಆ ಗಂಡಸು ಬಿಕ್ಕಿ ಬಿಕ್ಕಿ ಅತ್ತ. ಅತ್ತೆ ಅವನ ಕೆಟ್ಟ ಭುಜವನ್ನು ಉಜ್ಜುತ್ತಲೇ ಇದ್ದರು. ದಿನಾ ಜನರ ತೋಳಿನ ಅಳತೆ ತೆಗೆಯುವವಳು ನಾನು, ನನಗೂ ಗೊತ್ತಾಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಫಾರೆಸ್ಟಿನವರ ನಿಜವಾದ ಜೀಪೇ ಬಂತು. ಅತ್ತೆ ಬಂದೂಕನ್ನು ಎತ್ತಿ ಅವರ ಕೈಗೇ ಕೊಟ್ಟರು. ರಂಗಪ್ಪ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಮರದಲ್ಲಿ ಹಣ್ಣಾಗಲು ಬಿಡಬೇಡಿ, ಅದರ ವಾಸನೆಗೇ ಬರುತ್ತವೆ ಎಂದು ಬಂದವರು ಹೇಳಿದರು. ಈಗ ನಮ್ಮತ್ತೆ ಬಲಿತ ಕಾಯನ್ನೇ ಇಳಿಸಿ ಮನೆಯಲ್ಲಿ ಹಣ್ಣು ಮಾಡುತ್ತಾರೆ. ಕರಡಿ ಬರುವುದು ನಿಂತಿದೆ ಎಂದರೆ ಸುಳ್ಳಾದೀತು. ಬರುತ್ತದೆ, ಬುಡ ಮೂಸುತ್ತದೆ, ಹೋಗುತ್ತದೆ. ಹೊಡೆದುಹಾಕಿದರೆ ಪೀಡೆ ತೊಲಗುತ್ತದೆ ಎಂದು ಅಂಗಡಿಗೆ ಬಂದವರು ಯಾರಾದರೂ ಅಂದರೆ, ನಾನು ಮೊದಲಿನ ಹಾಗೆ ತಲೆಯಾಡಿಸುವುದಿಲ್ಲ. ಅವತ್ತು ಗುಂಡು ಹಾರಿದ್ದಿದ್ದರೆ ಕರಡಿ ಸಾಯುತ್ತಿತ್ತೋ ಇಲ್ಲವೋ, ನಮ್ಮ ಲೋಕಿ ಮಾತ್ರ ಉಳಿಯುತ್ತಿರಲಿಲ್ಲ.

ಅದೇ ವಾರ ಅವನನ್ನು ತುಮಕೂರಿಗೆ ಕರೆತಂದೆ. ನಮ್ಮ ಮನೆಯಲ್ಲೇ ಇದ್ದು ದಿನಾ ಫಿಸಿಯೋಥೆರಪಿಗೆ ಹೋದ. ನೋವಿಗೆ ಹಲ್ಲು ಕಚ್ಚಿ, ಗೋಡೆಯ ಮೇಲೆ ಬೆರಳುಗಳನ್ನು ಹರಿಸುತ್ತಾ ಕೈಯನ್ನು ಇಷ್ಟಿಷ್ಟೇ ಮೇಲೇರಿಸುತ್ತಿದ್ದ. ತಿಂಗಳುಗಳೇ ಕಳೆದವು. ದೀಪಾವಳಿಯ ಹೊತ್ತಿಗೆ ಒಂದು ಸಂಜೆ ಅಂಗಡಿಯಲ್ಲಿ ನಾನು ಬಟ್ಟೆ ಕತ್ತರಿಸುತ್ತಾ, "ಮೇಲಿನ ರ‍್ಯಾಕಲ್ಲಿ ಲೈನಿಂಗ್ ಬಟ್ಟೆ ಇದೆ, ಸ್ಟೂಲ್ ಹಾಕ್ಕೊಂಡು ತಕ್ಕೊಡೋ" ಎಂದೆ. ಅವನು ಸ್ಟೂಲಿನ ಕಡೆ ಹೋಗಲೇ ಇಲ್ಲ. ಯಾವುದೋ ಯೋಚನೆಯಲ್ಲಿ, ಎಲ್ಲರೂ ಮಾಡುವ ಹಾಗೆ, ಬಲಗೈ ಚಾಚಿ ಬಟ್ಟೆಯ ಕಟ್ಟಿಗೆ ಕೈ ಹಾಕಿದ.

"ಯಾವ ಬಣ್ಣ ಬೇಕು ಅತ್ಗೆ?" ಎಂದು ತಿರುಗಿದ. ಕತ್ತರಿ ಹಿಡಿದುಕೊಂಡೇ ನಿಂತಿದ್ದೆ. ನನಗೆ ಯಾವ ಬಣ್ಣವೂ ಕಾಣುತ್ತಿರಲಿಲ್ಲ.